ಹಾಲು ‘ಆಲು’ ಆದರೆ ಓದು ತಪ್ಪೇ?

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಸಿ.ಎಸ್. ಪುರವೂ ಒಂದು. ಇದರ ಪೂರ್ಣ ಹೆಸರು ಚಂದ್ರಶೇಖರಪುರ. ಆದರೆ ಬಸ್ಸಿನ ಬೋರ್ಡಿನ ಮೇಲೆ, ಸಂತೆಯ ಮಾತಿನಲ್ಲಿ, ಕೊಬ್ಬರಿ ಚೀಲದ ವಿಳಾಸದಲ್ಲಿ ಅದು ಸಿ.ಎಸ್. ಪುರವೇ. ಈಗಷ್ಟೇ ಓದು ಕಲಿಯುತ್ತಿರುವ ಮಗುವಿನ ಕಣ್ಣಿನಿಂದ ಈ ಎರಡು ಹೆಸರುಗಳನ್ನು ನೋಡಬೇಕು. ಒಂದರಲ್ಲಿ ಸೊನ್ನೆ, ಒತ್ತಕ್ಷರ, ದೀರ್ಘ, ಮಹಾಪ್ರಾಣ ಎಲ್ಲವೂ ಒಟ್ಟಿಗೆ ಬಂದು ಕುಳಿತಿವೆ. ಇನ್ನೊಂದನ್ನು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮಗು ಬಸ್ಸಿನ ಹಣೆಯ ಮೇಲೆ ಗುರುತು ಹಿಡಿದಿರುತ್ತದೆ. ಅಕ್ಷರಗಳನ್ನು ಬಿಡಿಸಿ ಹೇಳಲು ಅದಕ್ಕೆ ಬಾರದಿರಬಹುದು. ಆದರೆ ಆ ಗೆರೆಗಳು ತನ್ನ ಊರನ್ನು ಹೇಳುತ್ತವೆ ಎಂಬುದು ಅದಕ್ಕೆ ಗೊತ್ತು. ಬರಹಕ್ಕೆ ಅರ್ಥ ಉಂಟು ಎಂಬ ಈ ಅರಿವೇ ಓದಿನ ಮೊದಲ ಮೆಟ್ಟಿಲು.

ಹಾಗಾದರೆ ಮಗು ಶಾಲೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ ಎಂದಾಯಿತು. ತೆಂಗಿನ ಸೀಮೆಯ ಮಗುವಿಗೆ ಹೊಂಬಾಳೆ ಗೊತ್ತು, ಕುರುಂಬೆ ಗೊತ್ತು, ಗರಿ, ಮಟ್ಟೆ, ಕರಟ, ಕೊಬ್ಬರಿ ಗಿಟುಕು ಎಲ್ಲ ಗೊತ್ತು. ರಾಗಿಯ ಕಣ, ಮೆದೆ, ಬಣವೆ, ಮೊರ, ವಂದರಿ ಇವುಗಳಿಗೆ ಯಾರೂ ಅದಕ್ಕೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿ ಹೇಳಿದ ಒಗಟುಗಳು ಕಿವಿಯಲ್ಲಿವೆ. ಇಷ್ಟು ದೊಡ್ಡ ಗಂಟನ್ನು ಹೊತ್ತು ಬಂದ ಮಗುವಿಗೆ ಶಾಲೆ ‘ಆ ಗಂಟನ್ನು ಹೊರಗೇ ಇಟ್ಟು ಬಾ’ ಎನ್ನುತ್ತದೆಯೇ, ಅಥವಾ ‘ಬಿಚ್ಚು, ನೋಡೋಣ’ ಎನ್ನುತ್ತದೆಯೇ? ಮಕ್ಕಳಿಗೆ ಓದು ಕಲಿಸುವ ವಿಧಾನಗಳ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ಜಗತ್ತಿನ ಹಲವೆಡೆ ನಡೆದ ಚರ್ಚೆಯ ತಿರುಳು ಈ ಒಂದು ಪ್ರಶ್ನೆಯಲ್ಲಿದೆ.

ಪಾಲು, ಹಾಲು, ಆಲು

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ಮಾತಿನಲ್ಲಿ ಪದದ ಮೊದಲಿನ ಹಕಾರ ಬಹಳ ಸಲ ಬಿದ್ದುಹೋಗುತ್ತದೆ. ಹಾಲು ‘ಆಲು’ ಆಗುತ್ತದೆ, ಹತ್ತು ‘ಅತ್ತು’ ಆಗುತ್ತದೆ, ಹುಲಿ ‘ಉಲಿ’ಯಾಗುತ್ತದೆ. ‘ಇದೆ’ ಎನ್ನುವಲ್ಲಿ ‘ಐತೆ’, ‘ಬರುತ್ತೇನೆ’ ಎನ್ನುವಲ್ಲಿ ‘ಬತ್ತೀನಿ’. ಇಂಥ ಮನೆಯಿಂದ ಬಂದ ಮಗು ಪುಸ್ತಕದಲ್ಲಿ ‘ಹಾಲು’ ಎಂದಿರುವುದನ್ನು ನೋಡಿ ‘ಆಲು’ ಎಂದು ಓದಿತು ಎನ್ನಿ. ಅದು ಓದಿದ್ದು ಸರಿಯೋ ತಪ್ಪೋ?

ಕೂಡಲೇ ತಪ್ಪು ಎಂದುಬಿಡುವವರೇ ಹೆಚ್ಚು. ಆದರೆ ಸ್ವಲ್ಪ ನಿಧಾನಿಸಿ ಯೋಚಿಸಬೇಕು. ಮಗು ಅಕ್ಷರ ಕಂಡಿತು, ಅದರ ಅರ್ಥ ಹಿಡಿಯಿತು, ಹಸು ಕೊಡುವ ಆ ಬಿಳಿಯ ಪದಾರ್ಥ ಅದರ ಮನಸ್ಸಿಗೆ ಬಂತು, ಅದಕ್ಕೆ ತನ್ನ ಮನೆಯಲ್ಲಿ ಏನೆನ್ನುತ್ತಾರೋ ಅದನ್ನೇ ಬಾಯಲ್ಲಿ ಹೇಳಿತು. ಅಂದರೆ ಓದುವ ಕ್ರಿಯೆ ಪೂರ್ತಿಯಾಗಿದೆ. ಉಚ್ಚಾರಣೆ ಮಾತ್ರ ಮನೆಯದು. ಅರ್ಥವೇ ಆಗದೆ ‘ಹಾ-ಲು’ ಎಂದು ಶುದ್ಧವಾಗಿ ಒದರಿದ ಮಗುವಿಗಿಂತ ಈ ಮಗು ಓದಿನಲ್ಲಿ ಒಂದು ಹೆಜ್ಜೆ ಮುಂದಿದೆ.

ಇನ್ನೂ ಒಂದು ವಿಷಯ ಉಂಟು. ಹಳಗನ್ನಡದಲ್ಲಿ ಹಾಲು ಎಂಬ ಮಾತೇ ಇರಲಿಲ್ಲ, ಇದ್ದದ್ದು ‘ಪಾಲ್’. ಹುಲಿ ಆಗ ‘ಪುಲಿ’, ಹತ್ತು ‘ಪತ್ತು’, ಹೂವು ‘ಪೂ’. ಮುಂದಿನ ಶತಮಾನಗಳಲ್ಲಿ ಪದದ ಆದಿಯ ಪಕಾರ ಹಕಾರವಾಯಿತು. ಪಂಪನ ಕಾಲದ ಪಂಡಿತನೊಬ್ಬ ಇಂದು ಎದ್ದು ಬಂದು ನಮ್ಮ ‘ಹಾಲು’ ಕೇಳಿದರೆ ಅವನಿಗೆ ಅದು ಅಪಭ್ರಂಶವಾಗಿಯೇ ತೋರಬಹುದು. ತುಟಿಯಿಂದ ಹುಟ್ಟುತ್ತಿದ್ದ ಧ್ವನಿ ಸಡಿಲಗೊಂಡು ಬರಿಯ ಉಸಿರಾಯಿತು. ಹಳ್ಳಿಯ ನಾಲಿಗೆಯಲ್ಲಿ ಆ ಉಸಿರೂ ಕರಗಿತು. ಪಾಲು, ಹಾಲು, ಆಲು ಒಂದೇ ದಾರಿಯ ಮೂರು ನಿಲ್ದಾಣಗಳು. ಮಗು ಭಾಷೆಯನ್ನು ಕೆಡಿಸಿಲ್ಲ. ಭಾಷೆ ನಡೆದು ಬಂದ ದಾರಿಯಲ್ಲೇ ಅದರ ಮನೆಯವರು ಇನ್ನೊಂದು ಹೆಜ್ಜೆ ಇಟ್ಟಿದ್ದಾರೆ, ಅಷ್ಟೆ.

ಕನ್ನಡದೊಳಗೆ ಹಲವು ಕನ್ನಡಗಳಿವೆ ಎಂಬುದು ಹೊಸ ಸಂಶೋಧನೆಯೇನಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಕನ್ನಡದ ಪ್ರಾದೇಶಿಕ ಭೇದಗಳು ಲೆಕ್ಕಕ್ಕೆ ಸಿಗದಷ್ಟಿವೆ ಎಂದು ಹೇಳಿದೆ. ಈ ನಾಡಿನ ಜನ ವಿಶೇಷವಾಗಿ ಓದು ಕಲಿಯದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂಬ ಮೆಚ್ಚುಗೆಯೂ ಅಲ್ಲಿದೆ. ಓದು ಬಾರದವರಲ್ಲಿಯೂ ಭಾಷೆಯ ಸಂಪತ್ತು ಇರುತ್ತದೆ ಎಂದು ಅಷ್ಟು ಹಿಂದೆಯೇ ಒಪ್ಪಿಕೊಂಡ ನಾಡು ನಮ್ಮದು.

ಮಠದ ಮರಳು, ಗಿಣಿಯ ಪಾಠ

ನಮ್ಮ ಹಳೆಯ ಶಾಲೆಗಳು ಈ ಸಂಪತ್ತನ್ನು ಹೇಗೆ ಬಳಸಿಕೊಂಡವು? ಊರೂರುಗಳಲ್ಲಿ ಇದ್ದ ಕೂಲಿಮಠ, ಐಗಳ ಮಠಗಳ ಬಗ್ಗೆ ಹಿರಿಯರು ಹೇಳುವ ಮಾತುಗಳು ಹಲವು. ಅವುಗಳ ಒಳಗನ್ನು ಸ್ಪಷ್ಟವಾಗಿ ತೋರಿಸುವ ಒಂದು ದಾಖಲೆ ಬಳ್ಳಾರಿಯದು. ಆಗ ಮದರಾಸು ಪ್ರಾಂತದಲ್ಲಿದ್ದ ಆ ಜಿಲ್ಲೆಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್, ಗವರ್ನರ್ ಥಾಮಸ್ ಮನ್ರೋ ಕೇಳಿದ ವಿವರಣೆಗೆ ಉತ್ತರವಾಗಿ 1823ರಲ್ಲಿ ಒಂದು ವರದಿ ಕಳುಹಿಸಿದ. ಆತನ ಲೆಕ್ಕದಲ್ಲಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಮಿಕ್ಕವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳು ಮತ್ತು ಒಂದೇ ಒಂದು ಇಂಗ್ಲಿಷ್ ಶಾಲೆ. ಅಷ್ಟೂ ಮಕ್ಕಳಲ್ಲಿ ಹುಡುಗಿಯರು ಕೇವಲ ಅರವತ್ತು.

ಮಗು ಬೆರಳಿನಿಂದ ನೆಲದ ಮರಳಿನ ಮೇಲೆ ಅಕ್ಷರ ತಿದ್ದುತ್ತಿತ್ತು. ಓದುವುದಕ್ಕಿಂತ ಬರೆಯುವುದು ಮೊದಲು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಒಂದು, ಎರಡು ಎಂದು ಏರುವ ಛಡಿ ಏಟು. ಗುಣಿತ, ಒತ್ತಕ್ಷರ ಆದ ಮೇಲೆ ಮಕ್ಕಳು ಬರೆಯುತ್ತಿದ್ದುದು ಜನರ ಹೆಸರು, ಊರಿನ ಹೆಸರು, ಪ್ರಾಣಿಗಳ ಹೆಸರು. ಮಸಿ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆಯುವ ‘ಕಡತ’ ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಬಟ್ಟೆ ಹೋಯಿತು, ಹೆಸರು ಮಾತ್ರ ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡು ಉಳಿಯಿತು.

ಕಡಿಮೆ ಖರ್ಚಿನಲ್ಲಿ ಬರಹ ಕಲಿಸುವ ಈ ಉಪಾಯವನ್ನೂ, ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವ ಪದ್ಧತಿಯನ್ನೂ ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ್ದಾನೆ. ಅದಾಗಲೇ ಇದು ಸಮುದ್ರ ದಾಟಿತ್ತು. ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೂ ತಂದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಅದು ಹರಡಿತು.

ಆದರೆ ಕ್ಯಾಂಪ್‌ಬೆಲ್‌ನ ವರದಿಗೆ ಎರಡನೆಯ ಭಾಗವೂ ಇದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಗ್ರಂಥಗಳ ಭಾಷೆ ಹಳೆಯ ಕಾವ್ಯದ ಭಾಷೆ. ಆಡುಮಾತಿಗಿಂತ ಬೇರೆಯೇ ಆದದ್ದು. ಪದ್ಯಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುವ ಹುಡುಗನಿಗೆ ಅವುಗಳ ಅರ್ಥ, ಮಾತು ಕಲಿಸಿದ ಗಿಣಿಗೆ ತಿಳಿದಷ್ಟೇ ತಿಳಿದಿರುತ್ತದೆ ಎಂದು ಆತ ಬರೆದ. ಆತ ಪರಕೀಯ ಅಧಿಕಾರಿ, ಅವನ ಕಣ್ಣಿಗೆ ಅವನದೇ ಕನ್ನಡಕ ಇತ್ತು ಎಂಬುದನ್ನು ಮರೆಯಬಾರದು. ಆದರೂ ಮಾತಿನಲ್ಲಿ ಹುರುಳಿದೆ. ಊರಿನ ಹೆಸರು, ದನದ ಹೆಸರು ಬರೆಯುವ ಹಂತದವರೆಗೆ ಮಠದ ಪಾಠ ಮಗುವಿನ ಲೋಕದೊಳಗೇ ಇತ್ತು. ಅಲ್ಲಿಂದ ಮುಂದೆ ಅದು ಒಮ್ಮೆಲೇ ಮಗುವಿಗೆ ನಿಲುಕದ ಭಾಷೆಗೆ ಹಾರಿತು. ನಡುವೆ ಸೇತುವೆ ಇರಲಿಲ್ಲ. ಊರಿನ ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಮಠದ ಬಾಗಿಲು ತೆರೆದಿರಲಿಲ್ಲ ಎಂಬುದನ್ನೂ ಸೇರಿಸಿ ನೋಡಿದರೆ, ಹಳೆಯದೆಲ್ಲ ಹೊನ್ನು ಎನ್ನಲಾಗದು.

ಮೈಸೂರು ಸೀಮೆಯಲ್ಲಿ, ಮುಂದೆ ಶಾಸನಗಳ ಸಂಗ್ರಹದಿಂದ ಹೆಸರಾದ ಬಿ.ಎಲ್. ರೈಸ್ ಶಿಕ್ಷಣ ಇಲಾಖೆಯಲ್ಲಿದ್ದಾಗ, 1868ರಲ್ಲಿ ‘ಹೋಬಳಿ ಶಾಲೆ’ಗಳ ಯೋಜನೆ ಬಂತು. ಹೋಬಳಿಗೊಂದು ಶಾಲೆ, ಅದಕ್ಕೆ ಆ ಕಡೆಯ ಉಪಾಧ್ಯಾಯರನ್ನೇ ತರಬೇತಿ ಕೊಟ್ಟು ನೇಮಿಸುವುದು ಅದರ ಆಶಯ. ಮಕ್ಕಳ ಮಾತು ಬಲ್ಲವನೇ ಮಕ್ಕಳ ಮೇಷ್ಟ್ರಾಗಲಿ ಎಂಬ ವಿವೇಕ ಅದರಲ್ಲಿತ್ತು. ಆದರೆ ಕಾಲ ಕಳೆದಂತೆ ಪಠ್ಯಪುಸ್ತಕ ರಾಜಧಾನಿಯಲ್ಲಿ ಸಿದ್ಧವಾಗಿ ಬರತೊಡಗಿತು. ಪುಸ್ತಕದ ಮಗು ಪಟ್ಟಣದ ಮಗು; ಅದರ ಮಾತು ಓದಿದವರ ಮನೆಯ ಮಾತು. ಹಳ್ಳಿಯ ಮಗುವಿಗೆ ಗ್ರಾಂಥಿಕ ಕಾವ್ಯದ ಜಾಗದಲ್ಲಿ ಇನ್ನೊಂದು ಬಗೆಯ ದೂರದ ಭಾಷೆ ಎದುರಾಯಿತು.

ನಲಿಯುತ್ತ ಕಲಿಯುವ ಪ್ರಯೋಗ

ಈ ದೂರವನ್ನು ಕಡಿಮೆ ಮಾಡುವ ದೊಡ್ಡ ಪ್ರಯತ್ನ ನಮ್ಮ ರಾಜ್ಯದಲ್ಲಿ ನಡೆದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಯೂನಿಸೆಫ್ ನೆರವಿನಿಂದ ಆರಂಭವಾದ ಆ ಪ್ರಯೋಗವೇ ‘ನಲಿ-ಕಲಿ’. ಆಂಧ್ರದ ಮದನಪಲ್ಲಿಯ ಹತ್ತಿರ ಋಷಿ ವ್ಯಾಲಿ ಸಂಸ್ಥೆ ನಡೆಸುತ್ತಿದ್ದ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರು ತಾವೇ ಕುಳಿತು ಕಲಿಕೆಯ ಕಾರ್ಡುಗಳನ್ನು ತಯಾರಿಸಿದರು. ಸ್ಥಳೀಯ ಹಾಡು, ಕಥೆ, ಆಟಗಳು ಪಾಠದೊಳಗೆ ಬಂದವು. ಬೆಂಚುಗಳ ಸಾಲಿಗೆ ಬದಲು ‘ತಟ್ಟೆ’ ಎಂದು ಕರೆಯುವ ಗುಂಪುಗಳು. ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆಯುದ್ದಕ್ಕೂ ಹಲಗೆ. ಅವರು ಬರೆದದ್ದನ್ನು ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ. ಕಲಿತ ಮಗು ಕಲಿಯುತ್ತಿರುವ ಮಗುವಿಗೆ ಹೇಳಿಕೊಡುವ ಹಳೆಯ ಮಠದ ಪದ್ಧತಿ ಛಡಿ ಏಟಿಲ್ಲದೆ ಮರಳಿ ಬಂತು.

ಇದರಲ್ಲಿ ಸಾಮಾನ್ಯರ ಗಮನಕ್ಕೆ ಅಷ್ಟಾಗಿ ಬಾರದ ಒಂದು ಜಾಣ್ಮೆ ಅಕ್ಷರಗಳ ಕ್ರಮದಲ್ಲಿದೆ. ಅ, ಆ, ಇ, ಈ ಎಂದು ವರ್ಣಮಾಲೆಯ ಅನುಕ್ರಮ ಹಿಡಿದರೆ ಮಗು ಒಂದು ಅರ್ಥವುಳ್ಳ ಪದ ಓದುವ ಹೊತ್ತಿಗೆ ತಿಂಗಳುಗಳೇ ಕಳೆಯುತ್ತವೆ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ ಎಂಬ ಐದಕ್ಷರ. ಬರೆಯಲು ಸುಲಭ, ಆಕಾರದಲ್ಲಿ ಹತ್ತಿರ. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮೊದಲ ಕೆಲವು ವಾರಗಳಲ್ಲೇ ಮಗುವಿಗೆ ‘ನಾನು ಓದಿದೆ’ ಎಂಬ ಹೆಮ್ಮೆ ಸಿಗುತ್ತದೆ.

2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿತು. ವಿಸ್ತಾರದೊಂದಿಗೆ ತೊಡಕುಗಳೂ ಬಂದವು. ಒಬ್ಬರೇ ಶಿಕ್ಷಕರು, ಹಲವು ತರಗತಿಯ ಮಕ್ಕಳು, ಹರಿದು ಹಂಚಿಹೋದ ಕಾರ್ಡುಗಳು, ಜೊತೆಗೆ ಪುಸ್ತಕವೇ ಕಾಣದಲ್ಲ ಎಂಬ ಹೆತ್ತವರ ಅನುಮಾನ. ಎಲ್ಲಕ್ಕಿಂತ ಮುಖ್ಯವಾಗಿ, ಕೋಟೆಯ ಶಿಕ್ಷಕರು ತಮ್ಮ ಮಕ್ಕಳಿಗೆಂದು ತಾವೇ ಮಾಡಿಕೊಂಡ ಕಾರ್ಡು ಬೇರೆ, ರಾಜ್ಯಕ್ಕೆಲ್ಲ ಒಂದೇ ಅಚ್ಚಿನಲ್ಲಿ ಬಂದ ಕಾರ್ಡು ಬೇರೆ. ಸ್ಥಳೀಯತೆ ಎಂಬುದು ಅಚ್ಚುಹಾಕಿ ಹಂಚುವ ವಸ್ತುವಲ್ಲ. ಅದನ್ನು ಆಯಾ ಶಾಲೆಯ ಶಿಕ್ಷಕರೇ ಪ್ರತಿದಿನ ತುಂಬಬೇಕು.

ಬೇರೆ ಊರುಗಳ ಅನುಭವ

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಅಮೆರಿಕದ ಆನ್ ಆರ್ಬರ್ ಎಂಬ ಊರಿನಲ್ಲಿ ಬಡ ಕರಿಯ ಮಕ್ಕಳ ತಾಯಂದಿರು ನ್ಯಾಯಾಲಯಕ್ಕೆ ಹೋದರು. ಮನೆಯಲ್ಲಿ ಮಕ್ಕಳು ಆಡುವ ಇಂಗ್ಲಿಷ್ ಬೇರೆ ಬಗೆಯದು. ಅದನ್ನು ಅರಿಯದ ಶಾಲೆ ಮಕ್ಕಳನ್ನೇ ಮಂದಮತಿಗಳೆಂದು ಬಗೆದಿದೆ ಎಂಬುದು ಅವರ ದೂರು. 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ಮಕ್ಕಳ ಪರವಾಗಿ ತೀರ್ಪು ಕೊಟ್ಟರು. ಮನೆಮಾತು ತಾನಾಗಿಯೇ ಓದಿಗೆ ಅಡ್ಡಿಯಲ್ಲ; ಆ ಮಾತಿನ ಬಗ್ಗೆ ಶಿಕ್ಷಕರಲ್ಲಿ ಅರಿವಿಲ್ಲದೆ ಬೇರೂರಿದ ಧೋರಣೆ ಅಡ್ಡಿಯಾಗಬಹುದು ಎಂಬುದು ಅದರ ಸಾರ. ಓದು ಕಲಿಸುವಾಗ ಮನೆಮಾತನ್ನು ಗಮನಕ್ಕೆ ತೆಗೆದುಕೊಳ್ಳುವಂತೆ ಶಿಕ್ಷಕರಿಗೆ ತಿಳಿವಳಿಕೆ ಕೊಡಬೇಕೆಂದು ಆದೇಶವಾಯಿತು.

ಹವಾಯಿ ದ್ವೀಪದಲ್ಲಿ 1970ರ ದಶಕದಲ್ಲಿ ನಡೆದ ಪ್ರಯೋಗ ಇನ್ನೊಂದು ಬಗೆಯದು. ಅಲ್ಲಿಯ ಜನ ಕಥೆ ಹೇಳುವಾಗ ಒಬ್ಬರ ಮಾತಿಗೆ ಇನ್ನೊಬ್ಬರು ದನಿಗೂಡಿಸುತ್ತ ಎಲ್ಲರೂ ಸೇರಿ ಕಟ್ಟುತ್ತಾರೆ. ಶಾಲೆಯಲ್ಲಿ ಮಾತ್ರ ಕೈಯೆತ್ತಿ ಒಬ್ಬೊಬ್ಬರೇ ಮಾತನಾಡಬೇಕು. ಮಕ್ಕಳು ಮೂಕರಾಗಿ ಕುಳಿತಿದ್ದರು. ಓದಿನ ಪಾಠದಲ್ಲಿ ಶಿಕ್ಷಕರು ಆ ಮನೆಯ ರೀತಿಗೆ ಅವಕಾಶ ಕೊಟ್ಟಾಗ ಮಕ್ಕಳು ಪಾಠದ ಬಗ್ಗೆ ಹೆಚ್ಚು ಮಾತನಾಡಿದರು, ಚೆನ್ನಾಗಿ ಗ್ರಹಿಸಿದರು. ಮೂಡಲಪಾಯದ ಭಾಗವತನಿಗೆ ಹಿಮ್ಮೇಳ ದನಿಗೂಡಿಸುವುದನ್ನೂ, ಗಣೆಯ ನಾದದೊಡನೆ ಜುಂಜಪ್ಪನ ಕಥೆ ಹಾಡುವ ಕಾಡುಗೊಲ್ಲರನ್ನೂ ಬಲ್ಲ ತುಮಕೂರು ಸೀಮೆಯವರಿಗೆ ಇದು ತೀರ ಅಪರಿಚಿತ ಎನಿಸಲಾರದು.

ಮನೆ ಮಾತು, ಪುಸ್ತಕದ ಮಾತು

ಹಾಗೆಂದು ಮನೆಮಾತಿಗೆ ಮರ್ಯಾದೆ ಕೊಟ್ಟರೆ ಓದು ತಾನಾಗಿ ಬಂದೀತು ಎಂದುಕೊಳ್ಳಬಾರದು. ಕನ್ನಡ ಲಿಪಿಯ ಶ್ರಮ ಬೇರೆಯೇ ಇದೆ. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರ ಕಲಿತರೆ, ನಮ್ಮ ಮಗುವಿನ ಮುಂದೆ ಗುಣಿತಾಕ್ಷರಗಳೇ ನಾನೂರರಷ್ಟು, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ನಡೆಸಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲಿನ ಹಿಡಿತ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿದ್ದಾರೆ. ಆದ್ದರಿಂದ ಅಕ್ಷರ, ಗುಣಿತ, ಒತ್ತುಗಳನ್ನು ಕ್ರಮವಾಗಿ, ತಾಳ್ಮೆಯಿಂದ ಕಲಿಸಲೇಬೇಕು. ಎರಡನೆಯ ತರಗತಿಯಲ್ಲಿ ತಡವರಿಸುವ ಮಗುವಿಗೆ ‘ದಡ್ಡ’ ಎಂಬ ಪಟ್ಟ ಕಟ್ಟುವ ಅವಸರವೂ ಬೇಡ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ‘ಹಳ್ಳಿಯ ಮಕ್ಕಳಿಗೆ ಹಳ್ಳಿಯ ಮಾತೇ ಸಾಕು’ ಎಂಬುದು ಗೌರವದ ವೇಷ ತೊಟ್ಟ ಅನ್ಯಾಯ. ಪತ್ರಿಕೆ, ಪಹಣಿ, ನ್ಯಾಯಾಲಯದ ನೋಟೀಸು, ಕುವೆಂಪು ಅವರ ಕಾದಂಬರಿ ಎಲ್ಲವೂ ಇರುವುದು ಪುಸ್ತಕದ ಕನ್ನಡದಲ್ಲಿ. ಅದು ಎಲ್ಲ ಮಕ್ಕಳ ಹಕ್ಕು. ‘ಆಲು’ ಎಂದು ಓದಿದ ಮಗುವನ್ನು ತಡೆಯಬೇಕಾಗಿಲ್ಲ, ಸರಿ. ಆದರೆ ‘ಆಲು’ ಎಂದು ಬರೆದ ಮಗುವಿಗೆ ಪುಸ್ತಕದಲ್ಲಿ ಇದನ್ನು ‘ಹಾಲು’ ಎಂದು ಬರೆಯುತ್ತೇವೆ ಎಂದು ಹೇಳಿಕೊಡಲೇಬೇಕು. ಓದುವಾಗಿನ ಉಚ್ಚಾರಣೆ ಒಂದು, ಬರೆಯುವಾಗಿನ ಕಾಗುಣಿತ ಇನ್ನೊಂದು. ಈ ಎರಡನ್ನೂ ಒಂದೇ ತಪ್ಪೆಂದು ಎಣಿಸಿ ಎರಡಕ್ಕೂ ಒಂದೇ ಬೆತ್ತ ಹಿಡಿಯುವುದರಿಂದ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಓದು ಕಲಿಸುವುದು ಯಾವ ಪದ್ಧತಿಯಿಂದಲೂ ಸಾಧ್ಯವಿಲ್ಲ.

ಇದಕ್ಕೆ ದುಬಾರಿ ಉಪಕರಣಗಳೇನೂ ಬೇಕಿಲ್ಲ. ಬೆಳಿಗ್ಗೆ ಮಗುವೊಂದು ತರಗತಿಗೆ ಬಂದು ‘ನಮ್ಮಸ ಕರ ಆಕೈತೆ’ ಎಂದಿತು ಎನ್ನೋಣ. ಶಿಕ್ಷಕರು ಆ ಮಾತನ್ನು ಹಾಗೆಯೇ ಹಲಗೆಯ ಎಡಬದಿಯಲ್ಲಿ ಬರೆದು ಎಲ್ಲರಿಂದ ಓದಿಸಬಹುದು. ತಾನು ಆಡಿದ್ದು ಅಕ್ಷರವಾಗಿ ನಿಂತದ್ದನ್ನು ಕಂಡ ಮಗುವಿನ ಮುಖ ನೋಡಬೇಕು. ಆಮೇಲೆ ಬಲಬದಿಯಲ್ಲಿ ‘ನಮ್ಮ ಹಸು ಕರು ಹಾಕಿದೆ’ ಎಂದು ಬರೆದು, ಇದು ಮನೆ ಮಾತು, ಇದು ಪುಸ್ತಕದ ಮಾತು ಎಂದರೆ ಸಾಕು. ಎಲ್ಲಿ ಹಕಾರ ಸೇರಿತು, ಎಲ್ಲಿ ‘ಐತೆ’ ಹೋಗಿ ‘ಇದೆ’ ಬಂತು ಎಂದು ಮಕ್ಕಳೇ ಪತ್ತೆ ಹಚ್ಚುತ್ತಾರೆ. ಆಗ ಅದು ಆಟ, ವ್ಯಾಕರಣ, ಓದು ಮೂರೂ ಹೌದು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮಗುವಿಗೂ ಹಲಗೆಯ ಎಡಬದಿಯಲ್ಲಿ ಜಾಗ ಸಿಗಬೇಕು. ಕನ್ನಡ ಅಕ್ಷರಗಳಿಗೆ ಆ ಮಾತುಗಳನ್ನು ಹಿಡಿದಿಡುವ ಶಕ್ತಿ ಇದ್ದೇ ಇದೆ.

ಹೆತ್ತವರ ಪಾಲೂ ಇದೆ. ತಮಗೆ ಓದು ಬಾರದೆಂದು ಹಿಂಜರಿಯುವ ತಾಯಿ ಒಂದು ಒಗಟು ಹೇಳಿದರೆ, ಮಗು ಮರುದಿನ ಅದನ್ನು ಶಾಲೆಯಲ್ಲಿ ಬರೆಸಿಕೊಂಡು ಬಂದು ಅವಳೆದುರು ಓದಿದರೆ, ಆ ದಿನ ಆ ಮನೆಯಲ್ಲಿ ಪಾಠ ಮಾಡಿದವಳು ತಾಯಿಯೇ. ಬಸ್ಸಿನ ಬೋರ್ಡು, ಅಂಗಡಿಯ ಹಲಗೆ, ಜಾತ್ರೆಯ ಕರಪತ್ರ, ಲಗ್ನಪತ್ರಿಕೆ ಎಲ್ಲವೂ ಪುಕ್ಕಟೆ ಪಠ್ಯಗಳೇ.

ಮಗುವನ್ನು ಪುಸ್ತಕದವರೆಗೆ ನಡೆಸಿಕೊಂಡು ಹೋಗುವುದು ಶಾಲೆಯ ಕೆಲಸ. ನಡಿಗೆ ಶುರುವಾಗಬೇಕಾದದ್ದು ಮಾತ್ರ ಮಗು ನಿಂತಿರುವ ಜಾಗದಿಂದ. ತಮ್ಮ ಮಾತಿಗೆ ನಕ್ಕರು ಎಂಬ ಕಾರಣಕ್ಕೆ ತರಗತಿಯ ಹಿಂದಿನ ಸಾಲಿಗೆ ಸರಿದು, ಕೊನೆಗೆ ಶಾಲೆಯನ್ನೇ ಬಿಟ್ಟವರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಅವರಿಗೆ ಓದು ಒಗ್ಗಲಿಲ್ಲ ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇವೆ. ಅವರು ಸರಿಯಾಗಿಯೇ ಓದುತ್ತಿದ್ದರೇನೋ, ಕೇಳಿಸಿಕೊಳ್ಳಲು ನಮಗೆ ಬರಲಿಲ್ಲವೇನೋ ಎಂದು ಒಮ್ಮೆ ಯೋಚಿಸಿ ನೋಡುವುದು ಒಳ್ಳೆಯದು.